ತಂಗಿಯ ಹಲ್ಲಿಗೆ ಹೊಡೆದ ಮೊಳೆ

ಮಾಟ, ಮಂತ್ರ, ಗಾಳಿ, ಸೋಂಕು ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಇಂಥ ಅನುಭವಗಳನ್ನು ಯಾರಾದರೂ ಬರೆದಿದ್ದರೆ, ಪಾಪ, ಅವರಿಗೆ ಆ ದಿನ ಜ್ವರ ಬಂದಿರಬೇಕು ಎಂದುಕೊಂಡು ಪುಟ ತಿರುವಿಬಿಡುತ್ತಿದ್ದೆ. ನೀವೂ ಈಗ ಹಾಗೆಯೇ ಮಾಡಿದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ನಂಬದಿರುವುದು ನನಗೆ ಒಂದು ರೀತಿಯಲ್ಲಿ ಕೆಲಸವೇ ಆಗಿತ್ತು. ಚಿತ್ತಾಪುರದ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಕಲಿಸುತ್ತಿದ್ದೆ. ನಮ್ಮ ಕಡೆ ಹಲ್ಲು ನೋಯುವವರಿಗೆ ಗುಳ್ಳದ, ಅಂದರೆ ಕಾಡುಬದನೆಯ, ಬೀಜದ ಹೊಗೆ ಹಿಡಿಸುತ್ತಾರೆ. ಕೆಂಡದ ಮೇಲೆ ಬೀಜ ಉದುರಿಸಿ, ಕೊಳವೆಯಿಂದ ಹೊಗೆ ಬಾಯಿಗೆ ಬಿಟ್ಟು, ಕೆಳಗಿಟ್ಟ ನೀರಿನ ತಟ್ಟೆಯಲ್ಲಿ ಬಿಳಿಯ ಸಣ್ಣ ಹುಳುಗಳನ್ನು ತೋರಿಸುತ್ತಾರೆ. ಹಲ್ಲಿನ ಹುಳು ಬಿತ್ತು ಎಂದು ಜನ ನಂಬುತ್ತಾರೆ. ನಾನು ಒಮ್ಮೆ ತರಗತಿಯಲ್ಲಿಯೇ, ಯಾರ ಬಾಯಿಯೂ ಹತ್ತಿರವಿಲ್ಲದಂತೆ, ಬರೀ ಕೆಂಡದ ಮೇಲೆ ಬೀಜ ಹಾಕಿ ಅದೇ ಹುಳುಗಳನ್ನು ನೀರಿನಲ್ಲಿ ಬೀಳಿಸಿ ತೋರಿಸಿದ್ದೆ. ಅವು ಹುಳುಗಳಲ್ಲ, ಕಾವಿಗೆ ಸಿಡಿದ ಬೀಜದ ಒಳಗಿನ ಮೊಳಕೆಗಳು. ಮಕ್ಕಳು ಚಪ್ಪಾಳೆ ತಟ್ಟಿದ್ದರು. ಅಂಥ ನನ್ನ ಬಾಯಲ್ಲಿ ಈಗ ಕೆಳಗಿನ ಎಡದವಡೆಯ ಒಂದು ಹಲ್ಲಿಲ್ಲ. ಅದು ಹೇಗೆ ಹೋಯಿತು ಎಂಬುದಕ್ಕೆ ನನ್ನ ಬಳಿ ಉತ್ತರವೂ ಇಲ್ಲ.

ಇದು ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿತ್ತು. ನಮಗೆ ತಂದೆ ತಾಯಿ ಇರಲಿಲ್ಲ. ನನಗಿದ್ದವಳು ಒಬ್ಬಳೇ ತಂಗಿ, ಇಂದು. ಅವಳನ್ನು ಓದಿಸಿದವಳೂ ನಾನು, ಚಿಂಚೋಳಿ ತಾಲ್ಲೂಕಿನ ಐನಾಪುರಕ್ಕೆ ಮದುವೆ ಮಾಡಿ ಕೊಟ್ಟವಳೂ ನಾನು. ಗಂಡ ವೆಂಕಟೇಶ ಒಳ್ಳೆಯವನು. ಒಳ್ಳೆಯವನು ಎಂದರೆ ಯಾರಿಗೂ ಎದುರಾಡದವನು. ತಾಯಿಯ ಮಾತಿಗೆ ಅವನ ಮನೆಯಲ್ಲಿ ಎರಡನೆಯ ಮಾತಿರಲಿಲ್ಲ.

ಇಂದುವಿಗೆ ಹಲ್ಲಿನ ನೋವು ಶುರುವಾದದ್ದು ಬಸುರಿಯಾಗಿದ್ದಾಗ. ಕೆಳಗಿನ ಎಡದವಡೆಯ ಹಲ್ಲು ತೂತು ಬಿದ್ದು, ಜೋಳದ ರೊಟ್ಟಿಯ ಕಟಕು ಸಿಕ್ಕಿಕೊಂಡು, ಕೊನೆಗೊಂದು ದಿನ ಅರ್ಧ ಮುರಿದೇಹೋಯಿತು. ಬಸುರಿಗೆ ಹಲ್ಲು ಕೀಳಬಾರದು ಎಂದರು. ಹೆರಿಗೆ ಆಯಿತು, ಹೆಣ್ಣು ಕೂಸು. ಆಗ ಇನ್ನೊಂದು ಮಾತು ಬಂತು. ಕೂಸಿಗೆ ಮೊದಲ ಹಲ್ಲು ಹುಟ್ಟುವ ತನಕ ಹಡೆದವಳು ಹಲ್ಲು ಕೀಳಿಸಬಾರದು, ಕೀಳಿಸಿದರೆ ಕೂಸಿನ ಬಾಯಿ ಬೋಳಾಗಿಯೇ ಉಳಿಯುತ್ತದೆ. ಇದು ಆ ಮನೆತನದ ಕಟ್ಟಳೆಯಂತೆ. ಇಂದುವಿನ ಅತ್ತೆಗೆ ಅವರ ಅತ್ತೆ ಹೇಳಿದ್ದು.

ಇಷ್ಟರ ನಡುವೆ ನನ್ನದೇ ಒಂದು ಹಲ್ಲಿಗೂ ತೊಂದರೆಯಾಗಿತ್ತು. ಮೇಲಿನ ಬಲಗಡೆಯದು. ಶಹಾಬಾದಿನಲ್ಲಿ ಹೈದರಾಬಾದಿಗೆ ಹೋಗಿ ಓದಿ ಬಂದ ಹಲ್ಲಿನ ಡಾಕ್ಟರೊಬ್ಬರಿದ್ದರು. ವಯಸ್ಸಾದವರು, ಬಾಯಿ ಜೋರು, ಕೈ ಹಗುರ. ಅವರ ಬಳಿ ಹೋಗಿ, "ಕಿತ್ತೇ ಬಿಡ್ರಿ ಡಾಕ್ಟರ, ಈ ತ್ರಾಸೇ ಬ್ಯಾಡ" ಅಂದೆ.

"ಮನಿ ಸೋರ್ತದಂತ ಮನೀನೇ ಕೆಡವ್ತೀರೇನ್ರಿ ಬಾಯಾರ?" ಎಂದು ಗದರಿಸಿದರು. "ಹಂಚು ಹಾಕಿಸ್ರಿ. ಹಲ್ಲು ಕೀಳೂದು ದೊಡ್ಡ ಕೆಲಸಲ್ಲ, ಉಳಸೂದು ದೊಡ್ಡ ಕೆಲಸ."

ಅವರು ತೂತನ್ನು ಕೊರೆದು ತುಂಬಿ, ಉಳಿದ ಹಲ್ಲುಗಳನ್ನೆಲ್ಲ ಒಂದೊಂದಾಗಿ ಕಡ್ಡಿಯಿಂದ ತಟ್ಟಿ ನೋಡಿ, ಇವೆಲ್ಲ ಕಲ್ಲಿನಂತಿವೆ, ಮುದುಕಿಯಾಗುವ ತನಕ ಚಿಂತೆಯಿಲ್ಲ ಎಂದರು. ನಾನು ತಂಗಿಯ ವಿಷಯ ಹೇಳಿ, ಹಾಗಾದರೆ ಹಲ್ಲನ್ನು ಯಾವಾಗ ಕೀಳಲೇಬೇಕು ಎಂದು ಕೇಳಿದೆ. ಅವರು ಕೈ ತೊಳೆಯುತ್ತಲೇ ಹೇಳಿದರು. ತುಂಬಲು ಗೋಡೆಯೇ ಉಳಿಯದಷ್ಟು ಹಲ್ಲು ಬೇರಿನ ತನಕ ಮುರಿದಿದ್ದರೆ, ವಸಡು ಸವೆದು ಹಲ್ಲು ಗೂಟದಂತೆ ಅಲ್ಲಾಡುತ್ತಿದ್ದರೆ, ಕೊನೆಯ ದವಡೆಹಲ್ಲು ಅಡ್ಡವಾಗಿ ಹುಟ್ಟಿ ಪಕ್ಕದ್ದನ್ನು ಒತ್ತುತ್ತಿದ್ದರೆ, ಬೇರಿನ ಬುಡದಲ್ಲಿ ಕೀವು ಕಟ್ಟಿ ಮತ್ತೆ ಮತ್ತೆ ಗಲ್ಲ ಊದುತ್ತಿದ್ದರೆ, ಆಗ ತೆಗೆಯಬೇಕು. ಬಸುರಿ, ಬಾಣಂತಿ ಎಂದು ಸುಮ್ಮನೆ ಕೂರುವ ಕಾರಣವಿಲ್ಲ, ನೋಡಿಕೊಂಡು ತೆಗೆಯಬಹುದು. ಆಮೇಲೆ ಅವರು ತಮ್ಮ ಗದ್ದದ ಕೆಳಗೆ ಬೆರಳಿಟ್ಟು ತೋರಿಸಿದರು. ಬಾವು ಇಲ್ಲಿಗೆ ಇಳಿದು, ಬಾಯಿ ತೆರೆಯಲು ಬರದೆ, ಉಗುಳು ನುಂಗಲು ಆಗದಿದ್ದರೆ ಒಂದು ದಿನವೂ ತಡ ಮಾಡಬಾರದು. ಅದು ಉಸಿರು ಕಟ್ಟಿಸುತ್ತದೆ. "ಹಲ್ಲಿಂದ ಯಾರು ಸಾಯ್ತಾರ ಅಂತಾರ ಜನ. ಸಾಯ್ತಾರ್ರಿ" ಎಂದರು.

ನಾನು ಇದನ್ನೆಲ್ಲ ವೆಂಕಟೇಶನಿಗೆ ತಿಳಿಸಿದ್ದೆ. ಕೂಸಿಗೆ ಹಲ್ಲು ಬರಲಿ, ಮರುದಿನವೇ ಕರೆದುಕೊಂಡು ಬರುತ್ತೇನೆ ಎಂದಿದ್ದ.

ಬೇಸಿಗೆ ರಜೆ ಬಿದ್ದೊಡನೆ ಐನಾಪುರಕ್ಕೆ ಹೋದೆ. ಹೊಸ್ತಿಲ ಒಳಗೆ ಕಾಲಿಟ್ಟಾಗ ಇಂದು ಕಂಬಕ್ಕೆ ಒರಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಮುಖದ ಎಡಭಾಗ ಯಾರದೋ ಮುಖದಂತಿತ್ತು. ಊತ ಗಲ್ಲದಿಂದ ಗದ್ದದ ಕೆಳಗೆ ಇಳಿದಿತ್ತು, ಚರ್ಮ ಬಿಗಿದು ಹೊಳೆಯುತ್ತಿತ್ತು. ಬಾಯಿ ತೆರೆ ಅಂದರೆ ಬೆರಳು ತೂರುವಷ್ಟೂ ತೆರೆಯಲಿಲ್ಲ. ಮೈ ಬಿಸಿಯಿತ್ತು. ಲವಂಗ, ಇಂಗು, ಸುಣ್ಣ ಕಲೆಸಿದ ತಂಬಾಕು ಎಲ್ಲವೂ ಆಗಿದ್ದವು.

ಇವತ್ತೇ ಕರೆದುಕೊಂಡು ಹೋಗುತ್ತೇನೆ ಎಂದೆ. ಇಂದುವಿನ ಅತ್ತೆ ಒಳಗಿನಿಂದ ಮೊರ ಹಿಡಿದೇ ಬಂದರು.

"ಬಂದು ನೀರು ಸೈತ ಕುಡದಿಲ್ಲ, ಆಗಲೇ ಹೊಂಟ್ರೇನು ಅಕ್ಕೋರು?" ಎಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಎನ್ನುತ್ತಾರೆ. ಅವರ ಬಾಯಲ್ಲಿ ಅದು ಗೌರವವಾಗಿ ಕೇಳುತ್ತಿರಲಿಲ್ಲ. "ನಮಗೂ ಹಲ್ಲು ನೋಸ್ಯಾವ. ನಾವೇನು ಸತ್ತೇವೇನು? ನೋಡ್ರಿ, ನಿಂತೀನಲ್ಲ ನಿಮ್ಮ ಮುಂದ."

"ಬಾವು ಕುತ್ತಿಗಿಗಿ ಇಳದದ ಅತ್ತಿ. ಡಾಕ್ಟರ್ ಹೇಳ್ಯಾರ, ಇದು ಜೀವಕ್ಕ ಕೆಟ್ಟದ್ದು."

"ಡಾಕ್ಟರಿಗೇನು, ಕಿತ್ತು ಕೈಯಾಗ ಕೊಡ್ತಾನ. ನಾಳಿಗಿ ನನ್ನ ಮೊಮ್ಮಗಳು ಬೊಚ್ಚ ಬಾಯಿ ಇಟ್ಕೊಂಡು ಕುಂತ್ರ ಆಕೀನ ಯಾರು ಮಾಡ್ಕೋತಾರ? ನಿಮ್ಮ ಡಾಕ್ಟರ್ ಮಾಡ್ಕೋತಾನೇನು?"

ಹೊರಗೆ ಜಗಲಿಯಲ್ಲಿ ಕೂತಿದ್ದ ಯಾರೋ ನಕ್ಕರು. ವೆಂಕಟೇಶ ಅಂಗಳದ ಕಡೆ ನೋಡುತ್ತಿದ್ದ. ಮಾತು ಬೆಳೆಯಿತು. ಇಂದು ಹಲ್ಲು ಕಚ್ಚಿಕೊಂಡಂತೆಯೇ, "ಸಾಕು ಅಕ್ಕಾ, ಬಿಡು" ಎಂದಳು. ಕಡೆಗೆ ಅತ್ತೆ ಒಂದು ಷರತ್ತು ಹಾಕಿದರು. ಊರಿನಲ್ಲಿ ಮಾನಪ್ಪ ಎಂಬ ಮುದುಕ ಬಡಗಿ ಇದ್ದ. ಅವನು ಬೇವಿನ ಮರಕ್ಕೆ ಮೊಳೆ ಹೊಡೆದರೆ ಹಲ್ಲಿನ ನೋವು ಮೊಳೆಯ ಜೊತೆ ಮರದೊಳಗೆ ಹೋಗುತ್ತದೆ ಎಂಬುದು ಆ ಸುತ್ತಿನ ಹಳ್ಳಿಗಳಲ್ಲೆಲ್ಲ ಗಟ್ಟಿ ನಂಬಿಕೆ. ಮೊದಲು ಮೊಳೆ ಹೊಡೆಸೋಣ. ಬೆಳಗಾಗುವುದರೊಳಗೆ ನೋವು ಹೋಗದಿದ್ದರೆ ಎಲ್ಲಿಗೆ ಬೇಕಾದರೂ ಒಯ್ಯಿರಿ, ನಾನು ಅಡ್ಡ ಬರುವುದಿಲ್ಲ. ಹೀಗೆಂದು ದೇವರ ಗೂಡಿನ ಕಡೆ ಕೈ ತೋರಿಸಿದರು.

ಮೊಳೆಯಿಂದ ನೋವು ಹೋಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಹಾಗಾದರೆ ಬೆಳಗ್ಗೆ ಇಂದುವನ್ನು ಕರೆದೊಯ್ಯಬಹುದು. ಒಪ್ಪಿಕೊಂಡೆ.

ಆದರೆ ಜ್ವರದಲ್ಲಿದ್ದ ಬಾಣಂತಿಯನ್ನು ಊರ ಹೊರಗಿನ ಮರದ ತನಕ ಬಿಸಿಲಲ್ಲಿ ನಡೆಸುವಂತಿರಲಿಲ್ಲ. ಅದಕ್ಕೂ ಅವರಲ್ಲಿ ದಾರಿ ಇತ್ತು. ರೋಗಿ ಬರಲಾಗದಿದ್ದರೆ ಅದೇ ತಾಯಿಯ ಹಾಲು ಕುಡಿದವರು ರೋಗಿ ಉಟ್ಟ ಬಟ್ಟೆ ಉಟ್ಟು, ಅವಳ ಬಳೆ ತೊಟ್ಟು, ಅವಳ ಬದಲಿಗೆ ಮರದ ಬುಡದಲ್ಲಿ ಕೂರಬೇಕು. ಅವಳ ಯಾವ ಹಲ್ಲು ನೋಯುತ್ತದೋ ತಮ್ಮ ಬಾಯಲ್ಲಿ ಅದೇ ಹಲ್ಲಿನ ಮೇಲೆ ಬೆರಳಿಡಬೇಕು. ಬಡಗಿ ಕೇಳಿದ್ದಕ್ಕೆ ಅವಳಾಗಿ ಉತ್ತರ ಕೊಡಬೇಕು. ಅಷ್ಟು ಹೊತ್ತು ಮನಸ್ಸಿನಲ್ಲಿ ತಮ್ಮ ಹೆಸರು ತರಬಾರದು.

ಇಂದು ತನ್ನ ಸೀರೆ ಬಿಚ್ಚಿಕೊಟ್ಟಳು. ಹಸಿರು ಇಳಕಲ್ಲು, ನಾನೇ ಕೊಡಿಸಿದ್ದು. ಅದಕ್ಕೆ ಹಾಲಿನ ವಾಸನೆ, ಲವಂಗದೆಣ್ಣೆಯ ವಾಸನೆ ಎರಡೂ ಹತ್ತಿದ್ದವು. ನಾನು ಉಟ್ಟುಕೊಂಡು ನಿಂತಾಗ ಅವಳ ಕಣ್ಣಿನಲ್ಲಿ ನಗು ಬಂತು, ಬಾಯಿಗೆ ಬರಲಿಲ್ಲ.

ಮರ ಹೊಲದ ಬದುವಿನಲ್ಲಿತ್ತು. ಬುಡದಿಂದ ಆಳೆತ್ತರದವರೆಗೆ ತುಕ್ಕು ಹಿಡಿದ ಮೊಳೆಗಳು. ಕೆಲವನ್ನು ತೊಗಟೆ ಅರ್ಧ ನುಂಗಿತ್ತು. ಮಾನಪ್ಪ ಕನ್ನಡಕವನ್ನು ದಾರದಿಂದ ಕಿವಿಗೆ ಕಟ್ಟಿಕೊಂಡು, ಮೊಳೆಯ ತುದಿಯನ್ನು ಕಲ್ಲಿಗೆ ಉಜ್ಜಿದ. ನನ್ನ ಜೊತೆ ಬಂದಿದ್ದ ಅತ್ತೆಯನ್ನು ಕೇಳಿದ:

"ಬರೇ ನೋವು ಅದನೋ, ಬಾವೂ ಬಂದದನೋ? ಬಾವು ಇದ್ರ ನಾ ಹೊಡ್ಯಾಂಗಿಲ್ಲ ನೋಡವ್ವ. ನಮ್ಮಪ್ಪ ಹೇಳ್ಯಾನ."

"ಏ, ಎಲ್ಲಿ ಬಾವು? ತುಸು ಗಲ್ಲ ಉಬ್ಬ್ಯದ ಅಷ್ಟೇ. ರೊಟ್ಟಿ ತಿಂದು ಮಲಗ್ಯಾಳ" ಎಂದರು ಅತ್ತೆ.

ರೊಟ್ಟಿ! ಗಂಜಿ ಇಳಿಯುತ್ತಿರಲಿಲ್ಲ ಅವಳಿಗೆ. "ಬಾವು ಅದ" ಎಂದೆ ನಾನು. ಮಾನಪ್ಪ ಸುತ್ತಿಗೆ ಕೆಳಗಿಟ್ಟ. ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಮೊಳಿ ಇಲ್ಲಂದ್ರ ನಾಳಿನ ಮಾತೂ ಇಲ್ಲ. ತಿಳ್ಕೊಳ್ರಿ ಅಕ್ಕೋರ" ಎಂದರು. ಹೊಡೆಯಿರಿ, ಬೇಗ ಮುಗಿಸಿ ಎಂದು ನಾನೇ ಮುದುಕನಿಗೆ ಕೈಮುಗಿದೆ. ಅವನು ನನ್ನನ್ನೂ ಅವರನ್ನೂ ನೋಡಿ, ಏನೋ ಗೊಣಗಿ, ಸುತ್ತಿಗೆ ಎತ್ತಿದ.

ಬಾಯಲ್ಲಿ ಬೆರಳಿಟ್ಟುಕೊಂಡು ಕೂತೆ. ಕೆಳಗಿನ ಎಡದವಡೆಯ ಹಲ್ಲು. ಅವನು ಹೊಡೆಯುತ್ತ ನಡುನಡುವೆ ನಿಂತು, "ತಗ್ಗ್ತೇನವ್ವ?" ಎಂದು ಕೇಳುತ್ತಿದ್ದ. ನಾನು ಇಂದುವಾಗಿ "ತಗ್ಗ್ತು" ಎನ್ನುತ್ತಿದ್ದೆ. ಮನಸ್ಸಿನಲ್ಲಿ ಅವಳನ್ನೇ ನೆನೆಸಿಕೊಂಡಿದ್ದೆ. ನಂಬಿಕೆಯಿಂದಲ್ಲ, ಅವಳನ್ನು ಬಿಟ್ಟು ಬೇರೇನೂ ಮನಸ್ಸಿನಲ್ಲಿ ಇರಲಿಲ್ಲ. ಮೊಳೆ ಪೂರ್ತಿ ಇಳಿದಾಗ ನನಗೆ ಏನೂ ಆಗಲಿಲ್ಲ. ನೋವಿಲ್ಲ, ತಲೆ ತಿರುಗಲಿಲ್ಲ. ಕೈ ತೊಳೆದುಕೊಂಡು ಮನೆಗೆ ಬಂದೆವು.

ಮನೆಗೆ ಬಂದರೆ ಇಂದು ಎದ್ದು ಕೂತಿದ್ದಳು. "ಅಕ್ಕಾ, ನೋವು ಹೋಯ್ತು" ಎಂದಳು.

ನಾನು ನಂಬಲಿಲ್ಲ. ನನ್ನನ್ನು ಜಗಳದಿಂದ ಪಾರು ಮಾಡಲು ಸುಳ್ಳು ಹೇಳುತ್ತಿದ್ದಾಳೆ ಎಂದುಕೊಂಡೆ. ಆದರೆ ಅವಳ ಹುಬ್ಬಿನ ಗಂಟು ನಿಜವಾಗಿಯೂ ಬಿಚ್ಚಿತ್ತು. ನೆತ್ತಿಯ ತನಕ ಸಿಡಿಯುತ್ತಿದ್ದದ್ದು ಒಮ್ಮೆಗೇ ನಿಂತುಬಿಟ್ಟಿತಂತೆ. ಅಂಬಲಿಯನ್ನು ಹನಿಹನಿಯಾಗಿ ಕುಡಿದಳು. ಅತ್ತೆ ಓಣಿಗೆಲ್ಲ ಸಾರಿ ಬಂದರು. "ಎಲ್ಲಿ ನಿಮ್ಮ ಡಾಕ್ಟರ್? ಕರಕೊಂಡು ಬರ್ರಿ, ಮಾನಪ್ಪನ ಕೈಯಾಗ ಸುತ್ತಗಿ ಹಿಡ್ಯೂದು ಕಲೀಲಿ!" ಎಂದು ನಕ್ಕರು. ನೆರೆಮನೆಯವರೂ ನಕ್ಕರು.

ಬಾವು ಮಾತ್ರ ಇದ್ದಂತೆಯೇ ಇತ್ತು. ಬಾಯಿ ತೆರೆಯುತ್ತಿರಲಿಲ್ಲ.

ಷರತ್ತಿನ ಪ್ರಕಾರ ನಾನು ಸೋತಿದ್ದೆ. ಬೆಳಗ್ಗೆ ವೆಂಕಟೇಶ ನನ್ನನ್ನು ಬಸ್ಸಿನ ತನಕ ಬಿಡಲು ಬಂದು, ದಾರಿಯಲ್ಲಿ ಮೊದಲ ಬಾರಿಗೆ ಬಾಯಿ ಬಿಟ್ಟ. "ಅಕ್ಕಾ, ನೀವು ಡಾಕ್ಟರನ್ನ ಕೇಳಿ ಬರ್ರಿ. ನೋವಿಲ್ಲದಿದ್ರೂ ಕೀಳಬೇಕಂತ ಅವರು ಹೇಳಿದ್ರ, ನಾ ಜೀಪ್ ಮಾಡಿ ಕರಕೊಂಡು ಬರ್ತೀನಿ. ಅವ್ವ ಏನರ ಅನ್ಲಿ." ಅಷ್ಟು ಮಾತಿಗೇ ನನ್ನ ಕಣ್ಣು ತುಂಬಿತು. ಸೇಡಂ ತನಕ ಬಸ್ಸು, ಅಲ್ಲಿಂದ ಪ್ಯಾಸೆಂಜರ್ ಗಾಡಿ, ವಾಡಿಯಲ್ಲಿ ಇಳಿದು ಶಹಾಬಾದಿಗೆ ಇನ್ನೊಂದು ಗಾಡಿ. ಸಂಜೆಯೊಳಗೆ ತಿರುಗಿ ಬರುವ ಯೋಚನೆ ನನ್ನದು.

ಮುಂದಿನದನ್ನು ನಡೆದಂತೆಯೇ ಹೇಳುತ್ತೇನೆ, ಒಂದು ಮಾತೂ ಹೆಚ್ಚು ಸೇರಿಸುವುದಿಲ್ಲ.

ಗಾಡಿ ಸೇಡಂ ಬಿಟ್ಟು ಬಹಳ ಹೊತ್ತಾಗಿತ್ತು. ಚಿತ್ತಾಪುರ ಇನ್ನೂ ಬಂದಿರಲಿಲ್ಲ. ಮಧ್ಯಾಹ್ನ. ನಾನು ಕಿಟಕಿಯ ಪಕ್ಕ ಕೂತಿದ್ದೆ, ಎಚ್ಚರವಾಗಿಯೇ ಇದ್ದೆ. ಹೊರಗೆ ಬಿತ್ತದ ಕರಿಯ ಹೊಲಗಳು ಬಿರುಕು ಬಿಟ್ಟುಕೊಂಡು ಬಿದ್ದಿದ್ದವು. ಡಾಕ್ಟರಿಗೆ ಹೇಗೆ ಹೇಳಬೇಕು ಎಂದು ಮಾತು ಜೋಡಿಸುತ್ತಿದ್ದೆ. ಬಾಯಲ್ಲಿ ಬೆಚ್ಚಗೆ ಉಪ್ಪುಪ್ಪಾಗಿ ಏನೋ ತುಂಬಿಕೊಂಡಿತು. ಕಿಟಕಿಯಿಂದ ಉಗುಳಿದೆ. ಕೆಂಪಗಿತ್ತು. ಎಲೆ ಅಡಿಕೆ ಹಾಕಿದವಳಲ್ಲ ನಾನು. ನಾಲಿಗೆ ತಾನಾಗಿ ಎಡಕ್ಕೆ ಹೋಯಿತು. ಹಲ್ಲಿರಬೇಕಾದ ಜಾಗದಲ್ಲಿ ಮೆತ್ತಗೆ ಗುಂಡಿ ಹತ್ತಿತು.

ನೋವಿರಲಿಲ್ಲ. ಅದೇ ಹೆಚ್ಚು ಹೆದರಿಕೆ ತಂದಿತು. ಮಡಿಲು ಕೊಡವಿದೆ, ಬೆಂಚಿನ ಮೇಲೆ, ಕೆಳಗೆ, ಸೀರೆಯ ನೆರಿಗೆಯಲ್ಲಿ ಹುಡುಕಿದೆ. ಹಲ್ಲು ಎಲ್ಲಿಯೂ ಇರಲಿಲ್ಲ. ಎದುರಿಗೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಮುದುಕಿ ನನ್ನ ಬಾಯಿ ನೋಡಿ, "ಹಲ್ಲು ಕೀಳಿಸ್ಕೊಂಡು ಬಂದಿಯೇನವ್ವ? ಅರಿವಿ ಕಚ್ಚು, ಅರಿವಿ. ಮಾತಾಡಬ್ಯಾಡ" ಎಂದು ತನ್ನ ಸೆರಗಿನ ತುದಿಯನ್ನೇ ಹರಿದು ಉಂಡೆ ಮಾಡಿ ಕೊಟ್ಟಳು. ನಾನು ಅದನ್ನು ಕಚ್ಚಿಕೊಂಡೆ. ಶಹಾಬಾದು ಬರುವ ತನಕ ಬಿಡಲಿಲ್ಲ.

ಡಾಕ್ಟರು ನನ್ನ ಬಾಯಿ ನೋಡಿ ಮೊದಲು ಸಿಟ್ಟಾದರು. "ಯಾವ ಶಾಣ್ಯಾ ಕಿತ್ತಾನಿದು? ಹೋದ ಸಲ ನಾನೇ ತಟ್ಟಿ ನೋಡೀನಿ, ಕಲ್ಲಿನಂಥಾ ಹಲ್ಲು!"

ಯಾರೂ ಕಿತ್ತಿಲ್ಲ ಎಂದೆ. ಅವರು ನಕ್ಕರು. "ಹಂಗಾದ್ರ ತಾನೇ ಟಿಕೇಟು ತಗೊಂಡು ಇಳದು ಹೋಯ್ತೇನ್ರಿ?" ಎಂದರು. ಆಮೇಲೆ ದೀಪ ಹತ್ತಿರ ತಂದು ಮತ್ತೊಮ್ಮೆ ನೋಡಿದರು, ಈ ಸಲ ನಗಲಿಲ್ಲ. ಎರಡು ಬೇರಿನ ಹಲ್ಲು, ಬೇರು ಮುರಿಯದೆ, ವಸಡು ಹರಿಯದೆ, ಎಲುಬು ಸಿಗಿಯದೆ ಬಂದಿದೆ. ತಾನು ಇಷ್ಟು ವರ್ಷದಲ್ಲಿ ಇಷ್ಟು ಸ್ವಚ್ಛವಾಗಿ ಒಂದನ್ನೂ ಕಿತ್ತಿಲ್ಲ. ಗಟ್ಟಿ ಹಲ್ಲು ತಾನಾಗಿ ಉದುರುವುದಿಲ್ಲ. ಹೀಗೆಂದು ನನ್ನ ಮುಖವನ್ನು ಸಂಶಯದಿಂದ ನೋಡಿದರು. ನಾನು ಯಾರನ್ನೋ ಬಚ್ಚಿಡುತ್ತಿದ್ದೇನೆ ಎಂದು ಅವರು ತಿಳಿದಿರಬೇಕು.

ನಾನು ಆ ಮಾತು ಅಲ್ಲಿಗೇ ಬಿಟ್ಟು ಇಂದುವಿನ ವಿಷಯ ಹೇಳಿದೆ. ಬಾವು ಗದ್ದದ ಕೆಳಗೆ ಇಳಿದದ್ದು, ಬಾಯಿ ತೆರೆಯದ್ದು, ಜ್ವರ, ನಿನ್ನೆ ಒಮ್ಮೆಗೇ ನೋವು ನಿಂತದ್ದು. ಅವರ ಕೈಯಲ್ಲಿದ್ದ ಕಡ್ಡಿ ನಿಂತಿತು. ನೋವು ನಿಂತದ್ದು ಒಳ್ಳೆಯದಲ್ಲ ಎಂದರು. ಎಲುಬಿನೊಳಗೆ ಬಿಗಿದುಕೊಂಡಿದ್ದ ಕೀವು ಹೊರಗೆ ದಾರಿ ಮಾಡಿಕೊಂಡರೆ ಬಿಗಿತ ಹೋಗುತ್ತದೆ, ನೋವೂ ಹೋಗುತ್ತದೆ. ಆದರೆ ಆ ಕೀವು ಈಗ ಗಂಟಲಿನ ಕಡೆ ಇಳಿಯುತ್ತಿರುತ್ತದೆ. "ಇಲ್ಲಿಗಿ ತರಬ್ಯಾಡ್ರಿ. ಸೀದಾ ಗುಲ್ಬರ್ಗಾದ ದೊಡ್ಡ ದವಾಖಾನಿಗಿ ಒಯ್ರಿ. ಈಗೇ ಹೋಗ್ರಿ, ಓಡ್ರಿ" ಎಂದರು.

ಓಡಿದೆ. ಗಾಡಿಗಳು ನನ್ನ ಅವಸರಕ್ಕೆ ಓಡಲಿಲ್ಲ. ಸೇಡಂ ಬಸ್ ನಿಲ್ದಾಣಕ್ಕೆ ಬಂದಾಗ ವೆಂಕಟೇಶನ ಚಿಕ್ಕಪ್ಪ ಕಟ್ಟೆಯ ಮೇಲೆ ಕೂತಿದ್ದರು. ನನ್ನನ್ನು ಕಂಡು ಎದ್ದರು, ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಿಮಗೇ ಕಾಯ್ಲಿಕತ್ತಿದ್ದೆ ಅಕ್ಕೋರ" ಎಂದರು. ಮುಂದಿನದನ್ನು ಹೇಳುವ ಅವಶ್ಯಕತೆ ಇರಲಿಲ್ಲ. ನಾನು ಕೇಳಿದ್ದು ಒಂದೇ, ಯಾವಾಗ ಎಂದು. ಮಧ್ಯಾಹ್ನ, ಎಲ್ಲರೂ ಊಟಕ್ಕೆ ಕೂತಾಗ. ಕೂಸನ್ನು ಅತ್ತೆಯ ಕೈಗೆ ಕೊಟ್ಟು ಉಸಿರು ಸಿಗುತ್ತಿಲ್ಲ ಎಂದು ಸನ್ನೆ ಮಾಡಿದಳಂತೆ. ವೆಂಕಟೇಶ ಜೀಪಿಗೆ ಓಡಿದನಂತೆ. ಅವನು ಜೀಪಿನೊಡನೆ ಬಂದಾಗ ಎಲ್ಲ ಮುಗಿದಿತ್ತು.

ಆ ಹೊತ್ತಿಗೆ ನಾನು ಗಾಡಿಯಲ್ಲಿದ್ದೆ.

ನಾನು ಐನಾಪುರ ಮುಟ್ಟಿದಾಗ ಅವಳ ಬಾಯಿ ತೆರೆದುಕೊಂಡಿತ್ತು. ಅಷ್ಟು ದಿನ ಬೆರಳು ತೂರದ ಬಾಯಿ. ಸ್ನಾನ ಮಾಡಿಸುವ ಹೆಂಗಸರು ಗದ್ದಕ್ಕೆ ಪಟ್ಟಿ ಕಟ್ಟುವ ಮೊದಲು ನಾನು ದೀಪ ಹಿಡಿದು ಒಳಗೆ ನೋಡಿದೆ. ಏನನ್ನು ನೋಡಬೇಕೆಂದು ನೋಡಿದೆನೋ ಗೊತ್ತಿಲ್ಲ. ಕೆಳಗಿನ ಎಡದವಡೆಯಲ್ಲಿ ಆ ಹಲ್ಲು ಇತ್ತು, ಕಪ್ಪಗೆ, ಅರ್ಧ ಮುರಿದು, ಬಿಗಿಯಾಗಿ ಕೂತಿತ್ತು. ನಾನು ಮುಟ್ಟಿ ನೋಡಿದೆ, ಅಲ್ಲಾಡಲೂ ಇಲ್ಲ. ನನ್ನ ಬಾಯಲ್ಲಿ ಅದೇ ಜಾಗದಿಂದ ಇನ್ನೂ ರಕ್ತ ಜಿನುಗುತ್ತಿತ್ತು.

"ನೋವು ಹೋಗಿತ್ತಲ್ಲವ್ವಾ, ನಕ್ಕೊಂಡು ಅಂಬಲಿ ಕುಡದಿದ್ದಳಲ್ಲವ್ವಾ" ಎಂದು ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರು. ಅವರ ಅಳು ಸುಳ್ಳಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಬಂದವರಿಗೆಲ್ಲ, ಹಲ್ಲಿನಿಂದಲ್ಲ, ಇದು ಬೇರೇನೋ ಎಂದು ಹೇಳುತ್ತಿದ್ದರು. ದಿನಕರ್ಮದ ಹೊತ್ತಿಗೆ ಆ ಬೇರೇನೋ ಏನೆಂಬುದೂ ಅವರಿಗೆ ತಿಳಿದಿತ್ತು. "ನಂಬಿಕಿ ಇಲ್ಲದಾಕಿ ಮರದ ಬುಡಕ್ಕ ಕುಂತ್ರ ಮತ್ತೇನಾಗ್ತದ?" ಎಂದು ನನಗೆ ಕೇಳುವಂತೆಯೇ ಅಡುಗೆ ಮನೆಯಲ್ಲಿ ಹೇಳಿದರು. ನಾನು ಬಾಯಿ ತೆರೆಯಲಿಲ್ಲ. ತೆರೆದಿದ್ದರೆ ಗುಂಡಿ ಕಾಣುತ್ತಿತ್ತು. ಅದನ್ನು ಅವರ ಮೊಳೆಗೆ ಸಾಕ್ಷಿಯಾಗಿ ಕೊಡುವ ಮನಸ್ಸು ನನಗಿರಲಿಲ್ಲ.

ದಿನಕರ್ಮದ ದಿನವೇ ಕೂಸಿಗೆ ಯಾರೋ ಆಕಳ ಹಾಲು ಕುಡಿಸುತ್ತಿದ್ದಾಗ ಚಮಚಕ್ಕೆ ಏನೋ ಟಕ್ ಎಂದು ತಗಲಿತು. ಅತ್ತೆ ಬೆರಳು ಹಾಕಿ ನೋಡಿದರು. ಕೆಳಗಿನ ವಸಡಿನಲ್ಲಿ ಅಕ್ಕಿಯ ಕಾಳಿನಷ್ಟು ಹಲ್ಲು. "ಹಲ್ಲು ಬಂತ್ರೆವ್ವಾ, ಹಲ್ಲು ಬಂತು!" ಎಂದು ಆ ಸಾವಿನ ಮನೆಯಲ್ಲಿ ಕೂಗಿದರು. ಇನ್ನು ತಾಯಿಯ ಹಲ್ಲು ಕೀಳಿಸಲು ಯಾವ ಅಡ್ಡಿಯೂ ಇರಲಿಲ್ಲ.

ನನ್ನ ಹಲ್ಲು ಹೋದ ವಿಷಯವನ್ನು ಆ ಊರಿನಲ್ಲಿ ನಾನು ಹೇಳಿದ್ದು ಒಬ್ಬನಿಗೆ, ಮಾನಪ್ಪನಿಗೆ. ಊರು ಬಿಡುವ ದಿನ ಅವನ ಕೊಟ್ಟಿಗೆಗೆ ಹೋಗಿ ಬಾಯಿ ತೆರೆದು ತೋರಿಸಿದೆ. ಅವನಿಗಾದರೂ ತನ್ನ ವಿದ್ಯೆಯ ಪ್ರಕಾರ ಏನಾದರೂ ಹೇಳಲು ಬರಬಹುದು ಎಂಬ ಆಸೆ. ಅವನು ಬಹಳ ಹೊತ್ತು ನೋಡಿದ. "ನಾ ಹೊಡದ ಮೊಳಿ ನೋವು ತಗದಾವ ಯವ್ವ, ಇಲ್ಲಾ ತಗದಿಲ್ಲ. ಹಲ್ಲು ಎಂದೂ ಕಿತ್ತಿಲ್ಲ. ಇದು ನನಗ ತಿಳ್ಯಾಂಗಿಲ್ಲ" ಎಂದ. ಸುತ್ತಿಗೆಯನ್ನು ಪಕ್ಕಕ್ಕೆ ಸರಿಸಿ, "ಬಾವು ಇಲ್ಲ ಅಂದ್ರಲ್ಲ ಅವರು" ಎಂದ. ಆಮೇಲೆ ಅವನು ಆ ಮರದ ಕಡೆ ಹೋಗುವುದನ್ನೇ ಬಿಟ್ಟನೆಂದು ಕೇಳಿದೆ.

ವರ್ಷಗಳಿಂದ ನಾನು ನನ್ನನ್ನೇ ಪ್ರಶ್ನಿಸಿಕೊಂಡಿದ್ದೇನೆ. ನನಗೆ ತಿಳಿಯದೆ ಹಲ್ಲು ಸಡಿಲಾಗಿತ್ತೇ? ಚಿಂತೆಯ ಭರದಲ್ಲಿ ಕಚ್ಚಿ ಕಿತ್ತು ನುಂಗಿಬಿಟ್ಟೆನೇ? ಅದು ಆಗದ ಮಾತು ಎಂದು ಡಾಕ್ಟರು ಹೇಳಿದ್ದರು. ಅವರು ನನ್ನನ್ನು ನಂಬಲಿಲ್ಲ, ನಾನು ಅವರನ್ನು ನಂಬಿದೆ. ಆ ಮರದಲ್ಲಿ, ಆ ಮೊಳೆಯಲ್ಲಿ ಅಂಥದೊಂದು ಶಕ್ತಿ ಇದ್ದದ್ದೇ ನಿಜವಾದರೆ, ಅದು ಸೀರೆ ನೋಡಿ ಬಂದಿತೇ ಹೊರತು ಮುಖ ನೋಡಲಿಲ್ಲ. ಅಷ್ಟು ಸ್ವಚ್ಛವಾಗಿ ಕೀಳಲು ಬರುವ ಕೈಗೆ ಬಾಯಿ ಯಾವುದೆಂದು ತಿಳಿಯಲಿಲ್ಲ. ಅಂಥ ಕುರುಡು ಶಕ್ತಿಗೆ ನಾನು ಕೈಮುಗಿಯಲಾರೆ. ಶಕ್ತಿಯೇ ಇಲ್ಲ ಎಂದು ಹೇಳಿಬಿಡೋಣವೆಂದರೆ ನಾಲಿಗೆ ಆ ಗುಂಡಿಗೆ ಹೋಗುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಈಗ ಇಂದುವಿನ ಮಗಳು ದೊಡ್ಡವಳಾಗಿದ್ದಾಳೆ. ಶಹಾಬಾದಿನ ಆ ಡಾಕ್ಟರು ಇಲ್ಲ. ವಯಸ್ಸಿಗೆ ತಕ್ಕಂತೆ ನನ್ನ ಉಳಿದ ಹಲ್ಲುಗಳೂ ಒಂದೊಂದಾಗಿ ತೊಂದರೆ ಕೊಡುತ್ತಿವೆ. ಹೊಸ ಡಾಕ್ಟರ ಬಳಿ ಹೋದಾಗಲೆಲ್ಲ ಅವರು ಕನ್ನಡಿಯ ಕಡ್ಡಿಯನ್ನು ಎಡಗಡೆ ಸರಿಸಿ, "ಇದನ್ನ ಯಾರ ಹತ್ರ ತಗಸಿದ್ರಿ? ಯಾಕ ತಗಸಿದ್ರಿ?" ಎಂದು ಕೇಳುತ್ತಾರೆ. ಕೆಟ್ಟಿತ್ತು, ಅದಕ್ಕೆ ತೆಗೆಸಿದೆ ಎಂದು ಹೇಳುತ್ತೇನೆ. ಅದು ಕೆಟ್ಟಿರಲಿಲ್ಲ. ಯಾರು ತೆಗೆದರು ಎಂಬುದು ನನಗೆ ಇಂದಿಗೂ ಗೊತ್ತಿಲ್ಲ. ಯಾರ ಬಾಯಿಂದ ತೆಗೆಯಬೇಕಾಗಿತ್ತು ಎಂಬುದು ಮಾತ್ರ ಗೊತ್ತು.